ಮಗುವಿನ ಮಾತಿಗೊಂದು ಕಿವಿ: ಸಹಾಯವಾಣಿಯ ಸ್ವಯಂಸೇವೆಯನ್ನು ಕುರಿತು

ಮಗುವಿಗೆ ಜ್ವರ ಬಂದರೆ ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ಕಷಾಯ ಕಾಸಿ ಕೊಡುತ್ತಾಳೆ. ಮೂರು ದಿನಕ್ಕೂ ಇಳಿಯದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುತ್ತಾಳೆ. ಆದರೆ ಅದೇ ಮಗುವಿನ ಮನಸ್ಸಿಗೆ ಏಟು ಬಿದ್ದಾಗ ಮುಟ್ಟಿ ನೋಡಲು ಹಣೆಯೂ ಇಲ್ಲ, ಅಳೆಯಲು ಉಷ್ಣಮಾಪಕವೂ ಇಲ್ಲ. ಮಗು ತಾನಾಗಿ ಬಾಯಿ ಬಿಟ್ಟರೆ ಮಾತ್ರ ತಿಳಿಯಬೇಕು. ಬಾಯಿ ಬಿಡಬೇಕಾದರೆ ಕೇಳುವವರು ಒಬ್ಬರು ಬೇಕು. ಮನೆಯಲ್ಲಿ ಅಂಥವರು ಇಲ್ಲದಾಗ, ಇದ್ದರೂ ಅವರಿಗೆ ಹೇಳಲು ಮಗು ಅಂಜಿದಾಗ, ಅದು ಯಾರ ಬಳಿಗೆ ಹೋಗಬೇಕು? ಈ ಪ್ರಶ್ನೆಗೆ ನಮ್ಮ ಕಾಲ ಕಂಡುಕೊಂಡಿರುವ ಉತ್ತರಗಳಲ್ಲಿ ಮಕ್ಕಳ ಸಹಾಯವಾಣಿಯೂ ಒಂದು.

ನಾನು ವೈದ್ಯೆಯಲ್ಲ, ಮನಶ್ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವಳೂ ಅಲ್ಲ. ನೌಕರಿಯಿಂದ ನಿವೃತ್ತಳಾದ ಮೇಲೆ, ವಾರಕ್ಕೊಂದು ದಿನ ಪಲ್ಲಾವರದಿಂದ ವಿದ್ಯುತ್ ರೈಲು ಹಿಡಿದು, ನಗರದ ಒಂದು ಸಹಾಯವಾಣಿಯಲ್ಲಿ ಕೆಲವು ಗಂಟೆ ಕುಳಿತು ಬರುವ ಸ್ವಯಂಸೇವಕಿ, ಅಷ್ಟೆ. ಸಂಘದ ಕಾರ್ಯದರ್ಶಿಗಳು ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನ ಬೇಕೆಂದಾಗ, ಈ ಕೆಲಸವನ್ನು ನಮ್ಮವರಿಗೆ ಪರಿಚಯ ಮಾಡಿಕೊಡಬೇಕೆಂದು ತೋರಿತು. ಒಂದು ಮಾತನ್ನು ಮೊದಲೇ ಅರಿಕೆ ಮಾಡುತ್ತೇನೆ. ಕರೆ ಮಾಡಿದ ಯಾವ ಮಗುವಿನ ಕಥೆಯೂ ಇಲ್ಲಿ ಇಲ್ಲ. ಅದನ್ನು ಹೇಳುವ ಹಕ್ಕು ನನಗಿಲ್ಲ. ಮುಂದೆ ಬರುವ ಸಂಭಾಷಣೆ ವಿವರಣೆಗಾಗಿ ಕಲ್ಪಿಸಿದ್ದು. ಆದರೆ ನನ್ನ ತಪ್ಪೊಂದನ್ನು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲವಾದ್ದರಿಂದ ಅದನ್ನು ಮರೆಮಾಚದೆ ಹೇಳಿದ್ದೇನೆ.

ಸಹಾಯವಾಣಿ ಹುಟ್ಟಿದ ಬಗೆ

ದೂರವಾಣಿಯಲ್ಲಿ ಸಂಕಟ ಕೇಳುವ ಈ ಪದ್ಧತಿಯ ಹಿಂದೆ ಒಂದು ಮಗುವಿನ ಸಾವಿದೆ. 1935ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಚಾಡ್ ವಾರಾ ಎಂಬ ತರುಣ ಪಾದ್ರಿ ನೆರವೇರಿಸಿದ ಮೊದಲ ಅಂತ್ಯಕ್ರಿಯೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳದು. ಆಕೆ ಋತುಮತಿಯಾಗಿದ್ದಳು. ಅದೇನೆಂದು ತಿಳಿಸಿ ಹೇಳುವವರು ಯಾರೂ ಇಲ್ಲದೆ, ತನಗೆ ಕೆಟ್ಟ ರೋಗ ತಗಲಿದೆಯೆಂದು ಭ್ರಮಿಸಿ ಪ್ರಾಣ ಕಳೆದುಕೊಂಡಿದ್ದಳು. ಐದು ನಿಮಿಷದ ಮಾತಿನಿಂದ ಉಳಿಯಬಹುದಾಗಿದ್ದ ಜೀವ ಅದು. ಆ ನೆನಪು ವಾರಾ ಅವರನ್ನು ಬಿಡಲಿಲ್ಲ. 1953ರಲ್ಲಿ ಅವರು ಲಂಡನ್ನಿನ ತಮ್ಮ ಚರ್ಚಿನಲ್ಲಿ ಒಂದು ದೂರವಾಣಿ ಇಟ್ಟುಕೊಂಡು, ಸಾಯಬೇಕೆನಿಸಿದವರು ಕರೆ ಮಾಡಬಹುದೆಂದು ಸಾರಿದರು.

ಜನ ಬರತೊಡಗಿದರು. ಅವರನ್ನು ಕೂರಿಸಿ, ಚಹ ಕೊಟ್ಟು, ಸರದಿ ಬರುವವರೆಗೆ ಮಾತನಾಡಿಸಲು ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪ ಕಾಲದಲ್ಲೇ ವಾರಾ ಒಂದು ವಿಚಿತ್ರವನ್ನು ಗಮನಿಸಿದರು. ಹೊರಗೆ ಕುಳಿತು ಹೇಳಿಕೊಂಡ ಅನೇಕರಿಗೆ ಒಳಗೆ ಬಂದು ಪಾದ್ರಿಯನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ. ಚಹ ಕೊಟ್ಟು ಸುಮ್ಮನೆ ಕೇಳಿಸಿಕೊಂಡವರೇ ಅರ್ಧ ಭಾರ ಇಳಿಸಿರುತ್ತಿದ್ದರು. 1954ರಲ್ಲಿ ಅವರು ಕರೆ ಸ್ವೀಕರಿಸುವ ಕೆಲಸವನ್ನೇ ಸ್ವಯಂಸೇವಕರಿಗೆ ಒಪ್ಪಿಸಿಬಿಟ್ಟರು. ‘ಸಮಾರಿಟನ್ಸ್’ ಸಂಸ್ಥೆ ಬೆಳೆದದ್ದು ಹೀಗೆ. ವಿದ್ವಾಂಸರಲ್ಲದ ಸಾಮಾನ್ಯರು, ತಕ್ಕ ತರಬೇತಿ ಪಡೆದರೆ, ಇನ್ನೊಬ್ಬರ ದುಃಖಕ್ಕೆ ಆಸರೆಯಾಗಬಲ್ಲರೆಂಬ ನಂಬಿಕೆಯೇ ಇಂದಿಗೂ ಈ ಕೆಲಸದ ತಳಹದಿ.

1986ನೆಯ ವರ್ಷ ನಮ್ಮ ವಿಷಯಕ್ಕೆ ಎರಡು ರೀತಿಯಲ್ಲಿ ಮುಖ್ಯವಾದುದು. ಆ ವರ್ಷ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಅವರು ಇದೇ ಚೆನ್ನೈಯಲ್ಲಿ (ಆಗ ಅದು ಮದರಾಸು) ‘ಸ್ನೇಹಾ’ ಎಂಬ ಆತ್ಮಹತ್ಯೆ ತಡೆ ಕೇಂದ್ರವನ್ನು ಸ್ಥಾಪಿಸಿದರು. ಸ್ವಯಂಸೇವಕರ ಬಲದಿಂದ ನಡೆಯುವ ಸಂಸ್ಥೆ ಅದು. ಅದೇ ವರ್ಷದ ಅಕ್ಟೋಬರ್ 30ರಂದು ಲಂಡನ್ನಿನಲ್ಲಿ, ದೂರದರ್ಶನದ ನಿರೂಪಕಿ ಎಸ್ತರ್ ರ‍್ಯಾಂಟ್ಜೆನ್ ಅವರ ಪ್ರಯತ್ನದಿಂದ, ಮಕ್ಕಳಿಗೆಂದೇ ಮೀಸಲಾದ ‘ಚೈಲ್ಡ್‌ಲೈನ್’ ಆರಂಭವಾಯಿತು.

ಭಾರತದಲ್ಲಿ ಮಕ್ಕಳ ಸಹಾಯವಾಣಿ ಬೆಳೆದದ್ದು ಬೀದಿಯಲ್ಲಿ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿದ್ದ ಜೆರೂ ಬಿಲಿಮೋರಿಯಾ ಅವರಿಗೆ ಬೀದಿಯ ಮಕ್ಕಳು ರಾತ್ರಿ ಹೊತ್ತಿನಲ್ಲಿ ಫೋನ್ ಮಾಡುತ್ತಿದ್ದರು. ಗಾಯವಾಗಿದೆ, ಪೊಲೀಸರು ಹಿಡಿದಿದ್ದಾರೆ, ಗೆಳೆಯನಿಗೆ ಜ್ವರ ಎಂಬ ಕರೆಗಳು. ಅದರಿಂದ 1996ರ ಜೂನ್‌ನಲ್ಲಿ 1098 ಎಂಬ ಉಚಿತ ಕರೆಯ ಸಂಖ್ಯೆ ಹುಟ್ಟಿತು. ಅದನ್ನು ‘ಹತ್ತು, ಒಂಬತ್ತು, ಎಂಟು’ ಎಂದು ಇಳಿಯೆಣಿಕೆಯಲ್ಲಿ ನೆನಪಿಡುವ ಉಪಾಯವೂ ಮಕ್ಕಳದೇ. ಮುಂದೆ 1098 ದೇಶವ್ಯಾಪಿಯಾಯಿತು. 2003ರಲ್ಲಿ ಬಿಲಿಮೋರಿಯಾ ಅವರೇ ಜಗತ್ತಿನ ಮಕ್ಕಳ ಸಹಾಯವಾಣಿಗಳ ಒಕ್ಕೂಟವನ್ನೂ ಕಟ್ಟಿದರು. ಬಹುಕಾಲ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆದ 1098, 2023ರಿಂದ ಸರ್ಕಾರದ ನೇರ ಆಡಳಿತಕ್ಕೆ ಬಂದು, 112 ಎಂಬ ತುರ್ತು ಸಂಖ್ಯೆಯೊಡನೆ ಜೋಡಣೆಗೊಂಡಿದೆ. ಜಿಲ್ಲಾ ಮಟ್ಟದಲ್ಲಿ ಮಕ್ಕಳ ರಕ್ಷಣಾ ಘಟಕಗಳು ಅದರ ಕೈಕಾಲುಗಳಂತೆ ಕೆಲಸ ಮಾಡುತ್ತವೆ.

ಮಗು ದೂರವಾಣಿಯನ್ನೇ ಏಕೆ ಆರಿಸುತ್ತದೆ?

ಊರಿನಲ್ಲಿ ಅಪ್ಪ ಹೊಡೆದರೆ ಮಗು ಪಕ್ಕದ ಮನೆಯ ಜಗಲಿಗೆ ಓಡುತ್ತಿತ್ತು. ಅಜ್ಜಿಯ ಸೆರಗು, ಸೋದರತ್ತೆಯ ಅಡುಗೆಮನೆ, ಚಿಕ್ಕಮ್ಮನ ಮಡಿಲು, ಹೀಗೆ ಅಳುವುದಕ್ಕೆ ಹತ್ತು ಜಾಗಗಳಿದ್ದವು. ಹೊಟ್ಟೆಪಾಡಿಗಾಗಿ ಮಹಾನಗರಕ್ಕೆ ಬಂದ ನಮ್ಮ ಮನೆಗಳಲ್ಲಿ ಎರಡು ಕೋಣೆ, ಒಂದು ಬಾಗಿಲು. ಬಾಗಿಲ ಹೊರಗೆ ಬೇರೆ ಭಾಷೆ. ಅಪ್ಪ ಅಮ್ಮ ಇಬ್ಬರೂ ದುಡಿಯುವವರು. ಅಜ್ಜಿ ಮೈಸೂರಿನಲ್ಲಿಯೋ ಉಡುಪಿಯಲ್ಲಿಯೋ ಇದ್ದಾರೆ. ಹೇಳಬೇಕಾದ ವಿಷಯ ಅಪ್ಪ ಅಮ್ಮನ ಜಗಳವೇ ಆಗಿದ್ದರೆ ಮಗುವಿಗೆ ಮನೆಯಲ್ಲಿ ಮೂರನೆಯ ಕಿವಿ ಇಲ್ಲ.

ದೂರವಾಣಿಗೆ ಮೂರು ಗುಣಗಳಿವೆ. ಒಂದು, ಮುಖ ಕಾಣಿಸುವುದಿಲ್ಲ. ಆದ್ದರಿಂದ ನಾಚಿಕೆ ಕಡಮೆ. ಎರಡು, ಹೆಸರು ಹೇಳಬೇಕಾಗಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೇಡವೆನಿಸಿದ ಕ್ಷಣದಲ್ಲಿ ಮಗು ಫೋನ್ ಇಟ್ಟುಬಿಡಬಹುದು. ದೊಡ್ಡವರ ಜೊತೆ ನಡೆಯುವ ಬೇರೆ ಯಾವ ಮಾತುಕತೆಯಲ್ಲೂ ಮಗುವಿಗೆ ಈ ಅಧಿಕಾರವಿಲ್ಲ. ಶಾಲೆಯಲ್ಲಿ ಎದ್ದು ಹೋಗುವಂತಿಲ್ಲ, ಮನೆಯಲ್ಲಿ ಬೆನ್ನು ತಿರುಗಿಸುವಂತಿಲ್ಲ. ಸಹಾಯವಾಣಿಯಲ್ಲಿ ಮಾತ್ರ ಮಾತಿನ ಕೀಲಿಕೈ ಮಗುವಿನ ಕೈಯಲ್ಲಿದೆ.

ಬರುವ ಕರೆಗಳು ಎಂಥವು?

ಹೊಸಬರಿಗೆ ಮೊದಲು ಎದುರಾಗುವುದು ಮೌನ. ಫೋನ್ ಎತ್ತಿದರೆ ಆ ಕಡೆಯಿಂದ ಉಸಿರು ಮಾತ್ರ ಕೇಳಿಸುತ್ತದೆ. ನಂತರ ಕರೆ ಕಡಿದುಹೋಗುತ್ತದೆ. ಇಲ್ಲವೇ ನಗು, ಕುಚೇಷ್ಟೆ, ಸಿನಿಮಾ ಹಾಡು, ಬೈಗುಳ. ಇವನ್ನು ವ್ಯರ್ಥ ಕರೆಗಳೆಂದು ತಳ್ಳಿಹಾಕಬಾರದೆಂಬುದು ನಮಗೆ ಕಲಿಸಿದ ಮೊದಲ ಪಾಠ. ತಣ್ಣೀರೋ ಬಿಸಿನೀರೋ ಎಂದು ಕಾಲ ಬೆರಳು ಅದ್ದಿ ನೋಡುವಂತೆ, ಮಗು ಈ ಕಡೆಯ ದನಿ ಎಂಥದೆಂದು ಪರೀಕ್ಷಿಸುತ್ತಿರಬಹುದು. ಬೈಗುಳಕ್ಕೆ ಬೈಗುಳ ಸಿಕ್ಕಿದರೆ ಅದು ಮತ್ತೆ ಬರುವುದಿಲ್ಲ. “ಈಗ ಮಾತಾಡೋಕೆ ಆಗದಿದ್ದರೆ ಪರವಾಗಿಲ್ಲ; ಬೇಕಾದಾಗ ಮತ್ತೆ ಮಾಡು” ಎಂದರೆ ಬರಬಹುದು.

ಮಿಕ್ಕ ಕರೆಗಳಲ್ಲಿ ಪರೀಕ್ಷೆಯ ಭಯ, ಗೆಳೆತನ ಮುರಿದ ದುಃಖ, ಮನೆಯ ಜಗಳ, ಕುಡಿತ, ಹೊಡೆತ, ಪ್ರೇಮದ ಗೊಂದಲ, ಮೊಬೈಲಿನಲ್ಲಿ ಹಂಚಿಕೊಂಡ ಚಿತ್ರವನ್ನಿಟ್ಟುಕೊಂಡು ಯಾರೋ ಹಾಕುವ ಬೆದರಿಕೆ, ಆಗಬಾರದ ಸ್ಪರ್ಶ ಮೊದಲಾದವು ಇರುತ್ತವೆ. ದೊಡ್ಡವರೂ ಕರೆ ಮಾಡುವುದುಂಟು. ರೈಲು ನಿಲ್ದಾಣದಲ್ಲಿ ಒಂಟಿ ಹುಡುಗ ಕುಳಿತಿದ್ದಾನೆ, ಪಕ್ಕದ ಮನೆಯಲ್ಲಿ ಕೆಲಸಕ್ಕಿಟ್ಟುಕೊಂಡ ಹುಡುಗಿ ಅಳುತ್ತಾಳೆ ಎಂದು ತಿಳಿಸುವವರು ಅವರು. ಇಂಥ ಕರೆಗೆ 1098 ಸರಿಯಾದ ಸಂಖ್ಯೆ. ಅಲ್ಲಿ ಸಾಂತ್ವನದ ಜೊತೆಗೆ, ಮಗುವಿದ್ದಲ್ಲಿಗೆ ಜನ ಹೋಗಿ ರಕ್ಷಿಸುವ ವ್ಯವಸ್ಥೆಯೂ ಇದೆ. ಹೀಗೆ ರಕ್ಷಣೆಗೆ ಬಂದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ವಿಧಿಸುತ್ತದೆ. ಪಲ್ಲಾವರದ ನಿವಾಸಿಗಳು ಇನ್ನೊಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ನಾವು ಚೆನ್ನೈಯಲ್ಲಿದ್ದೇವೆಂದೇ ಭಾವಿಸಿದರೂ, 2019ರಿಂದ ನಮ್ಮದು ಚೆಂಗಲ್‌ಪಟ್ಟು ಜಿಲ್ಲೆ. ಆದರೆ ಕರೆ ಮಾಡುವವರು ಗಡಿ ಯಾವುದೆಂದು ಚಿಂತಿಸಬೇಕಾಗಿಲ್ಲ. ಸಂಖ್ಯೆ ಎಲ್ಲೆಡೆಯೂ ಒಂದೇ.

ಕೇಳುವುದು ಹೇಗೆ?

ಈಗ ನನ್ನ ತಪ್ಪು. ಸೇವೆಗೆ ಸೇರಿದ ಹೊಸತು. ಒಂದು ಮಗು ಎರಡು ವಾಕ್ಯ ಹೇಳಿತ್ತೋ ಇಲ್ಲವೋ, ನನಗೆ ಎಲ್ಲವೂ ಅರ್ಥವಾಯಿತೆಂದು ತೋರಿತು. ಇಬ್ಬರು ಮಕ್ಕಳನ್ನು ಸಾಕಿದ ಅನುಭವವಲ್ಲವೇ! “ಇದನ್ನೆಲ್ಲ ಅಮ್ಮನ ಹತ್ತಿರ ಹೇಳಮ್ಮ, ಅಮ್ಮನಿಗಿಂತ ಹತ್ತಿರದವರು ಯಾರಿದ್ದಾರೆ?” ಎಂದುಬಿಟ್ಟೆ. ಆ ಕಡೆ ಒಂದು ಕ್ಷಣ ಮೌನ. “ಸರಿ” ಎಂಬ ಒಂದೇ ಮಾತು. ಫೋನ್ ಇಟ್ಟ ಸದ್ದು. ಆ ದನಿಯನ್ನು ನಾನು ಮತ್ತೆ ಕೇಳಲಿಲ್ಲ. ಆ ಮಗುವಿಗೆ ಅಮ್ಮ ಇದ್ದಳೋ ಇಲ್ಲವೋ, ಅದರ ಭಯ ಅಮ್ಮನನ್ನು ಕುರಿತದ್ದೇ ಆಗಿತ್ತೋ, ನನಗೆ ಇಂದಿಗೂ ತಿಳಿಯದು. ಕೇಳಿಕೊಳ್ಳುವ ಮೊದಲೇ ಔಷಧ ಬರೆದುಕೊಟ್ಟಿದ್ದೆ. ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯನನ್ನು ನಾವು ಏನೆನ್ನುತ್ತೇವೆ?

ಆ ದಿನ ನನ್ನ ಮೇಲ್ವಿಚಾರಕರು ಗದರಿಸಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಎರಡು ಕುರ್ಚಿ ಹಾಕಿಸಿ, ನನ್ನನ್ನು ಮಗುವಿನ ಜಾಗದಲ್ಲಿ ಕೂರಿಸಿ, ನಾನಾಡಿದ ಮಾತನ್ನೇ ನನಗೆ ಹೇಳಿದರು. ಸಾಕಾಯಿತು. ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ವಿವರಿಸುತ್ತೇನೆ. ಹತ್ತು ವರ್ಷದ ಮಗುವೊಂದು, “ಅಕ್ಕಾ, ನಾಳೆಯಿಂದ ನಾನು ಸ್ಕೂಲಿಗೆ ಹೋಗಲ್ಲ” ಎನ್ನುತ್ತದೆಂದು ಇಟ್ಟುಕೊಳ್ಳೋಣ. ನಮ್ಮ ನಾಲಿಗೆಯ ತುದಿಯಲ್ಲಿರುವ ಉತ್ತರ ಇದು: “ಹಾಗನ್ನಬಾರದು ಪುಟ್ಟಾ. ಅಪ್ಪ ಅಮ್ಮ ನಿನ್ನ ಓದಿಗೋಸ್ಕರ ಎಷ್ಟು ಕಷ್ಟಪಡ್ತಿದ್ದಾರೆ!” ಮಗು “ಸರಿ ಅಕ್ಕಾ” ಎನ್ನುತ್ತದೆ. ಅಲ್ಲಿಗೆ ಮುಗಿಯಿತು. ಇನ್ನೊಂದು ರೀತಿ ಹೀಗಿದೆ:

“ನಾಳೆಯಿಂದ ಹೋಗೋದು ಬೇಡ ಅನ್ನಿಸ್ತಿದೆ.”

“ಹೂಂ.”

“ನಿಧಾನವಾಗಿ ಹೇಳು. ನನಗೇನೂ ಅವಸರ ಇಲ್ಲ.”

“ಒಂಥರಾ ಆಗುತ್ತೆ.”

“ಒಂಥರಾ... ಎಲ್ಲಿ ಆಗುತ್ತೆ ಪುಟ್ಟಾ?”

“ಹೊಟ್ಟೇಲಿ.”

“ಯಾವಾಗ ಜಾಸ್ತಿ ಆಗುತ್ತೆ?”

“ವ್ಯಾನ್ ಹತ್ತೋವಾಗ.”

“ವ್ಯಾನ್ ಹತ್ತೋವಾಗ.”

ಇಲ್ಲಿಂದ ಮುಂದೆ ಮಗು ತಾನಾಗಿಯೇ ವ್ಯಾನಿನ ವಿಷಯ ಹೇಳತೊಡಗುತ್ತದೆ. ದೊಡ್ಡ ಹುಡುಗರ ಕಾಟವಿರಬಹುದು, ಇನ್ನೂ ಕೆಟ್ಟದ್ದಿರಬಹುದು. ವಾಚಕರು ಗಮನಿಸಬೇಕಾದುದು ಇದು: ಕಷ್ಟವಿದ್ದದ್ದು ಶಾಲೆಯಲ್ಲಿ ಅಲ್ಲ, ವ್ಯಾನಿನಲ್ಲಿ. ವಿದ್ಯೆಯ ಮಹತ್ವದ ಮೇಲೆ ನಾವು ಎಷ್ಟೇ ಒಳ್ಳೆಯ ಭಾಷಣ ಮಾಡಿದ್ದರೂ ‘ವ್ಯಾನ್’ ಎಂಬ ಪದ ಹೊರಗೆ ಬರುತ್ತಿರಲಿಲ್ಲ. ಸಮಾಲೋಚಕಿ ಇಲ್ಲಿ ಮಾಡಿದ್ದು ಮೂರೇ ಕೆಲಸ. ಮಗುವಿನ ಮಾತನ್ನು ಮಗುವಿಗೆ ಮರಳಿಸಿದಳು; ಮೌನವನ್ನು ತುಂಬಲು ಅವಸರಪಡಲಿಲ್ಲ; ‘ಏಕೆ’ ಎನ್ನದೆ ‘ಎಲ್ಲಿ’, ‘ಯಾವಾಗ’ ಎಂದು ಕೇಳಿದಳು. ‘ಏಕೆ’ ಎಂಬ ಪ್ರಶ್ನೆ ಮಕ್ಕಳ ಕಿವಿಗೆ ವಿಚಾರಣೆಯಂತೆ ಕೇಳಿಸುತ್ತದೆ. ಅನೇಕ ವೇಳೆ ಅದಕ್ಕೆ ಉತ್ತರ ಅವುಗಳಿಗೂ ಗೊತ್ತಿರುವುದಿಲ್ಲ.

ಕೊನೆಗೆ ಬರುವ ಪ್ರಶ್ನೆಯೂ ಅಷ್ಟೇ ಮುಖ್ಯ. “ಈ ವಿಷಯವನ್ನು ಮನೇಲಿ ಯಾರ ಹತ್ತಿರ ಹೇಳೋದು ನಿನಗೆ ಸುಲಭ?” ಮಗು “ಅಜ್ಜಿ” ಎನ್ನಬಹುದು, “ಟ್ಯೂಷನ್ ಮಿಸ್” ಎನ್ನಬಹುದು. ಆ ಹೆಸರು ಮಗುವಿನ ಬಾಯಿಂದಲೇ ಬರಬೇಕು. ನಾನು ಅಂದು ‘ಅಮ್ಮ’ ಎಂದು ಆರಿಸಿಕೊಟ್ಟದ್ದೇ ತಪ್ಪಾಗಿತ್ತು. ನಂತರ ಹೇಗೆ ಹೇಳುವುದೆಂದು ಫೋನಿನಲ್ಲೇ ಒಮ್ಮೆ ಅಭ್ಯಾಸ ಮಾಡಿಸಬಹುದು. ಮಗು ತಾನೇ ಆರಿಸಿದ ಹೆಜ್ಜೆ ಎಷ್ಟೇ ಚಿಕ್ಕದಾಗಿರಲಿ, ನಾವು ಹೊರಿಸಿದ ದೊಡ್ಡ ಹೆಜ್ಜೆಗಿಂತ ಅದು ಗಟ್ಟಿ.

ಅಂಜದೆ ಕೇಳಬೇಕಾದ ಪ್ರಶ್ನೆ

ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಇವರೆಲ್ಲರೂ ಪರೀಕ್ಷೆಯ ಕಾರಣದಿಂದ ಸತ್ತವರಲ್ಲ. ಆತ್ಮಹತ್ಯೆಗೆ ಒಂದೇ ಕಾರಣವೆಂಬುದು ಅಪರೂಪ. ಆದರೂ ಫಲಿತಾಂಶದ ದಿನಗಳು ಸಹಾಯವಾಣಿಗಳಿಗೆ ಎಚ್ಚರದ ದಿನಗಳು. ಅನುತ್ತೀರ್ಣರಾದವರು ಒಂದು ವರ್ಷ ಕಾಯದೆ ಕೆಲವೇ ವಾರಗಳಲ್ಲಿ ಪೂರಕ ಪರೀಕ್ಷೆ ಬರೆಯಬಹುದೆಂಬ ಏರ್ಪಾಡು ತಮಿಳುನಾಡಿನಲ್ಲಿ ಈ ಶತಮಾನದ ಆರಂಭದಲ್ಲಿ ಬಂದಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ‘ಸ್ನೇಹಾ’ದ ಡಾ. ಲಕ್ಷ್ಮಿ ವಿಜಯಕುಮಾರ್ ಅವರೂ ಒಬ್ಬರು. ಒಂದು ಸೋಲಿಗೂ ಇನ್ನೊಂದು ಅವಕಾಶಕ್ಕೂ ನಡುವಣ ದೂರವನ್ನು ತಗ್ಗಿಸುವುದೂ ಜೀವ ಉಳಿಸುವ ಒಂದು ಬಗೆ.

“ಬದುಕಿದ್ದು ಏನು ಪ್ರಯೋಜನ?”, “ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ” ಎಂಬಂಥ ಮಾತು ಮಗುವಿನ ಬಾಯಲ್ಲಿ ಬಂದಾಗ ನಮ್ಮಲ್ಲಿ ಹಲವರು “ಬಿಡ್ತು ಅನ್ನು” ಎಂದು ಬಾಯಿ ಮುಚ್ಚಿಸುತ್ತೇವೆ. ಸಹಾಯವಾಣಿಯಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಲಿಸುತ್ತಾರೆ. ಮೃದುವಾಗಿ, ಆದರೆ ನೇರವಾಗಿ, “ಸಾಯಬೇಕು ಅಂತ ಅನ್ನಿಸ್ತಿದೆಯಾ?” ಎಂದು ಕೇಳಬೇಕು. ಹೀಗೆ ಕೇಳುವುದರಿಂದ ಇಲ್ಲದ ಆಲೋಚನೆ ಮಗುವಿನ ತಲೆಗೆ ಬರುತ್ತದೆಂಬುದು ತಪ್ಪು ಕಲ್ಪನೆಯೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟಪಡಿಸಿದೆ. ಹೇಳಿಕೊಳ್ಳಲಾಗದೆ ಒಳಗೇ ಕುದಿಯುತ್ತಿದ್ದ ವಿಷಯಕ್ಕೆ ಹೆಸರಿಟ್ಟು ಕೇಳುವವರು ಸಿಕ್ಕಿದಾಗ ಭಾರ ಇಳಿಯುತ್ತದೆ. ಉತ್ತರ ‘ಹೌದು’ ಎಂದಾದರೆ ಮಗುವನ್ನು ಒಂಟಿಯಾಗಿ ಬಿಡಕೂಡದು. ಮಾತು ಮುಂದುವರಿಸುತ್ತಲೇ ಹತ್ತಿರದ ಹಿರಿಯರನ್ನು ಜೊತೆಗೆ ತರಿಸಬೇಕು, ಮೇಲ್ವಿಚಾರಕರಿಗೆ ಸನ್ನೆ ಮಾಡಬೇಕು, ತುರ್ತು ನೆರವು ಪಡೆಯಬೇಕು.

ಗುಟ್ಟು ಮತ್ತು ಅದರ ಗಡಿ

ಸಹಾಯವಾಣಿಯ ಪ್ರಾಣ ಗೋಪ್ಯತೆ. ಹೇಳಿದ ಮಾತು ಶಾಲೆಗಾಗಲಿ, ಮನೆಗಾಗಲಿ, ಸಮಾಲೋಚಕರ ಗಂಡ ಹೆಂಡತಿಯರ ಕಿವಿಗಾಗಲಿ ಹೋಗಕೂಡದು. ಹಾಗೆಂದು “ಯಾರಿಗೂ ಹೇಳಲ್ಲ, ಆಣೆ” ಎಂದು ಮಾತು ಕೊಡುವುದೂ ತಪ್ಪು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಇಂಥ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ, ಅದನ್ನು ಪೊಲೀಸರಿಗೆ ತಿಳಿಸಬೇಕೆಂದು ಅದರ 19ನೆಯ ಕಲಂ ವಿಧಿಸುತ್ತದೆ. ತಿಳಿಸದ ದೊಡ್ಡವರಿಗೆ 21ನೆಯ ಕಲಮಿನಂತೆ ಶಿಕ್ಷೆಯುಂಟು. ಸ್ವಯಂಸೇವಕರಿಗೆ ಇದರಿಂದ ವಿನಾಯಿತಿಯಿಲ್ಲ. ನೆರೆಹೊರೆಯವರಾದ ನಿಮಗೂ ಇಲ್ಲ.

ಆದ್ದರಿಂದ ಮಗುವಿಗೆ ಸುಳ್ಳಾಡದೆ ಹೀಗೆ ಹೇಳುತ್ತೇವೆ: “ನೀನು ಹೇಳಿದ್ದನ್ನ ನಾನು ಎಲ್ಲರಿಗೂ ಹೇಳ್ತಾ ಹೋಗಲ್ಲ. ಆದರೆ ನಿನಗೆ ಅಪಾಯ ಇದೆ ಅಂತ ಗೊತ್ತಾದರೆ, ಕಾಪಾಡೋರಿಗೆ ಹೇಳಲೇಬೇಕಾಗುತ್ತೆ. ಹೇಳೋ ಮೊದಲು ನಿನಗೆ ತಿಳಿಸ್ತೀನಿ.” ಇದನ್ನು ಕೇಳಿ ಫೋನ್ ಇಟ್ಟುಬಿಡುವ ಮಕ್ಕಳೂ ಇದ್ದಾರೆ. ಆದರೂ ಸುಳ್ಳು ಭರವಸೆಯ ಮೇಲೆ ಪಡೆದ ಗುಟ್ಟು, ಈಗಾಗಲೇ ದೊಡ್ಡವರಿಂದ ಮೋಸಹೋದ ಮಗುವಿಗೆ ಮಾಡಿದ ಇನ್ನೊಂದು ಮೋಸವೇ ಆಗುತ್ತದೆ.

“ನಮ್ಮವರಲ್ಲಿ ಹಾಗೆಲ್ಲ ನಡೆಯುವುದಿಲ್ಲ” ಎನ್ನುವವರಿಗಾಗಿ ಒಂದು ಮಾಹಿತಿ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದಾಗಿ ಹೇಳಿದರು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಪರಿಚಿತರೇ. ಬಹುಪಾಲು ಮಕ್ಕಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಯಾರು ಈ ಕೆಲಸ ಮಾಡಬಹುದು?

ದೊಡ್ಡ ಪದವಿ ಬೇಕಿಲ್ಲ. ವಯಸ್ಕರಾಗಿರಬೇಕು, ವಾರಕ್ಕೆ ಇಂತಿಷ್ಟು ಗಂಟೆ ತಪ್ಪದೆ ಕೊಡುವ ನಿಯಮ ಬೇಕು, ಕಲಿತದ್ದನ್ನು ಮರೆತು ಹೊಸದಾಗಿ ಕಲಿಯುವ ವಿನಯ ಬೇಕು. ಉಪದೇಶದ ಚಪಲವಿರುವವರಿಗೆ, ಯಾರನ್ನಾದರೂ ಉದ್ಧರಿಸಿಯೇ ತೀರುತ್ತೇನೆಂಬ ಹಟವಿರುವವರಿಗೆ ಇದು ಒಗ್ಗುವುದಿಲ್ಲ. ಇತ್ತೀಚೆಗೆ ತಮ್ಮ ಮನೆಯಲ್ಲೇ ಸಾವು ನೋವು ಕಂಡವರು ಸ್ವಲ್ಪ ಕಾಲ ತಡೆದು ಬರುವುದು ಲೇಸು. ಮಕ್ಕಳೊಡನೆ ಕೆಲಸ ಮಾಡುವ ಸಂಸ್ಥೆ ನಿಮ್ಮ ಪೂರ್ವಾಪರ ವಿಚಾರಿಸಿದರೆ ಬೇಸರಪಡಬಾರದು. ವಿಚಾರಿಸದೆ ಸೇರಿಸಿಕೊಳ್ಳುವ ಸಂಸ್ಥೆಯ ಬಗೆಗೇ ಅನುಮಾನಪಡಬೇಕು.

ತರಬೇತಿಯಿಲ್ಲದೆ ಯಾರನ್ನೂ ಫೋನಿನ ಮುಂದೆ ಕೂರಿಸುವುದಿಲ್ಲ. ಕೇಳುವ ಕೌಶಲ, ಮಕ್ಕಳ ಬೆಳವಣಿಗೆ, ಕಾನೂನು, ತುರ್ತು ಸಂದರ್ಭದ ಕ್ರಮ ಇವುಗಳ ಪಾಠದ ಜೊತೆಗೆ, ಕಲ್ಪಿತ ಕರೆಗಳ ಅಭ್ಯಾಸ ಮತ್ತೆ ಮತ್ತೆ ನಡೆಯುತ್ತದೆ. ನಂತರವೂ ಕೆಲವು ದಿನ ಹಿರಿಯರ ಪಕ್ಕದಲ್ಲಿ ಕುಳಿತು ನೋಡಬೇಕು. ಸಾಮಾನ್ಯರಿಗೆ ಆಪ್ತ ಸಮಾಲೋಚನೆ ಕಲಿಸಬಹುದೆಂಬುದಕ್ಕೆ ಕನ್ನಡ ನಾಡಿನಲ್ಲೇ ಮೇಲ್ಪಂಕ್ತಿಯಿದೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಹೇರಳವಾಗಿ ಬರೆದವರು. ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಕೇಂದ್ರದ ಮೂಲಕ ಗೃಹಿಣಿಯರು, ಶಿಕ್ಷಕರು, ನಿವೃತ್ತರಿಗೂ ಈ ವಿದ್ಯೆಯನ್ನು ಕಲಿಸಿದವರು. ಅವರ ಸರಳವಾದ ಪುಸ್ತಕಗಳನ್ನು ಓದಿಕೊಂಡು ಬಂದವರಿಗೆ ತರಬೇತಿ ಅರ್ಧ ಹಗುರವಾಗುತ್ತದೆ.

ಒಂದು ವಾಸ್ತವವನ್ನೂ ಹೇಳಬೇಕು. 1098ರಲ್ಲಿ ಇಂದು ಕರೆ ಸ್ವೀಕರಿಸುವವರು ನೇಮಕಗೊಂಡ ಸಿಬ್ಬಂದಿ. ಸ್ವಯಂಸೇವಕರಾಗಿ ಫೋನಿನ ಮುಂದೆ ಕೂರಬಯಸುವವರು ‘ಸ್ನೇಹಾ’ದಂಥ ಸ್ವಯಂಸೇವಾ ಸಂಸ್ಥೆಗಳನ್ನು ವಿಚಾರಿಸಬೇಕು. ಅಲ್ಲಿಗೆ ಎಲ್ಲ ವಯಸ್ಸಿನವರ ಕರೆಗಳೂ ಬರುತ್ತವೆ. ಅವುಗಳಲ್ಲಿ ಎಳೆಯರ ಕರೆಗಳೂ ಇರುತ್ತವೆ.

ಎರಡು ಭಾಷೆಯ ಕಿವಿ

ಹೊರನಾಡ ಕನ್ನಡಿಗರಾದ ನಮ್ಮಲ್ಲಿ ಈ ಕೆಲಸಕ್ಕೆ ಬೇಕಾದ ಒಂದು ಸಂಪತ್ತು ಆಗಲೇ ಇದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತವೆ. ಆದರೆ ಅಳುವುದು ಯಾವ ಭಾಷೆಯಲ್ಲಿ? ಮೇಲಿನ ಸಂಭಾಷಣೆಯ ‘ಒಂಥರಾ ಆಗುತ್ತೆ’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದು ಕಷ್ಟ. ತಮಿಳಿನ ಮಗು ‘ಒರು ಮಾದಿರಿ ಇರುಕ್ಕು’ ಎನ್ನುತ್ತದೆ. ಅದು ನಮ್ಮ ‘ಒಂಥರಾ’ದ ಒಡಹುಟ್ಟು. ‘ಸಂಕಟ’ ಎಂಬ ನಮ್ಮ ಪದವನ್ನೇ ನೋಡಿ. ಅದು ಹೊಟ್ಟೆಗೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ. ಹೊಟ್ಟೆನೋವೆಂದು ದಿನವೂ ಶಾಲೆ ತಪ್ಪಿಸುವ ಮಗು ಸುಳ್ಳಾಡುತ್ತಿಲ್ಲ. ಭಯ ಅದಕ್ಕೆ ಹೊಟ್ಟೆಯಲ್ಲೇ ಆಗುತ್ತಿರುತ್ತದೆ.

ಈ ರಾಜ್ಯದಲ್ಲಿ ಕನ್ನಡ ಮನೆಮಾತಾಗಿರುವ ಮಕ್ಕಳು ಪಲ್ಲಾವರ, ತ್ಯಾಗರಾಯನಗರಗಳಲ್ಲಿ ಮಾತ್ರ ಇಲ್ಲ. ಹೊಸೂರಿನ ಕಡೆ ಇದ್ದಾರೆ. ಈರೋಡು ಜಿಲ್ಲೆಯ ತಾಳವಾಡಿಯ ಹಳ್ಳಿಗಳಲ್ಲಿ ಇದ್ದಾರೆ. ಅಂಥ ಮಗುವೊಂದು ಅಳುತ್ತಾ ಕರೆ ಮಾಡಿದಾಗ, ಎತ್ತಿಕೊಂಡವರಿಗೆ ಎರಡೂ ಭಾಷೆ ಬಂದರೆ ಎಷ್ಟು ಸಮಯ ಉಳಿದೀತು, ಎಷ್ಟು ಧೈರ್ಯ ಬಂದೀತು ಎಂಬುದನ್ನು ವಾಚಕರೇ ಊಹಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮಾರ್ಗದರ್ಶನ ನೀಡುತ್ತಿರುವ ‘ಟೆಲಿ ಮಾನಸ್’ ಸೇವೆಯಲ್ಲಿ (14416) ಕರೆ ಮಾಡುವವರು ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಅದರಲ್ಲಿದೆ.

ಸಮಾಲೋಚಕರ ಆರೋಗ್ಯ

ಇತರರ ದುಃಖ ಕೇಳುವವರಿಗೂ ಆಯಾಸವಿದೆ. ಕೆಲವು ಕರೆಗಳ ನಂತರ ರೈಲಿನಲ್ಲಿ ಕುಳಿತಾಗ ಮೀನಂಬಾಕಂ ದಾಟಿದ್ದೂ ತಿಳಿಯದೆ ಕ್ರೋಂಪೇಟೆಯವರೆಗೆ ಹೋಗಿ ಹಿಂತಿರುಗಿದ್ದುಂಟು. ಆದ್ದರಿಂದ ಕೆಲವು ಕಟ್ಟುಪಾಡುಗಳಿವೆ. ಸ್ವಂತ ಫೋನ್ ಸಂಖ್ಯೆಯನ್ನು ಮಗುವಿಗೆ ಕೊಡಕೂಡದು, ಹೊರಗೆ ಭೇಟಿಯಾಗಕೂಡದು. ಭಾರವಾದ ಕರೆ ಮುಗಿದೊಡನೆ ಮೇಲ್ವಿಚಾರಕರ ಬಳಿ ಕುಳಿತು ಹೇಳಿಕೊಳ್ಳಬೇಕು. ನಿದ್ರೆ ಕೆಟ್ಟರೆ, ಮನೆಯವರ ಮೇಲೆ ಸಿಡುಕು ಹೆಚ್ಚಿದರೆ ಕೆಲವು ವಾರ ವಿರಾಮ ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಕಠಿಣವಾದುದು ಕಥೆಯ ಕೊನೆ ತಿಳಿಯದಿರುವುದು. ಫೋನ್ ಇಟ್ಟ ಮೇಲೆ ಮಗು ಏನಾಯಿತು, ಅಜ್ಜಿಗೆ ಹೇಳಿತೇ ಇಲ್ಲವೇ ಎಂಬುದು ಬಹುತೇಕ ನಮಗೆ ಗೊತ್ತಾಗುವುದೇ ಇಲ್ಲ. ಹೊಗಳಿಕೆಯೂ ಇಲ್ಲದ, ಫಲವೂ ಕಾಣದ ಕೆಲಸವಿದು. ಅದನ್ನು ಒಪ್ಪಿಕೊಂಡವರು ಮಾತ್ರ ಬಹುಕಾಲ ಉಳಿಯುತ್ತಾರೆ.

ಮನೆಯಲ್ಲಿ ಮಾಡಬಹುದಾದುದು

ಎಲ್ಲರೂ ಸಹಾಯವಾಣಿಗೆ ಬರಲಾಗದು. ಬರಬೇಕಾದ ಅಗತ್ಯವೂ ಇಲ್ಲ. ಅಲ್ಲಿ ಕಲಿತ ಕೆಲವು ಪಾಠಗಳನ್ನು ಮನೆಗೆ ತರಬಹುದು.

1. ದಿನಕ್ಕೆ ಹತ್ತು ನಿಮಿಷ, ಮೊಬೈಲನ್ನೂ ಟೀವಿಯನ್ನೂ ಬದಿಗಿಟ್ಟು, ಅಂಕಗಳ ವಿಷಯವೆತ್ತದೆ ಮಗುವಿನ ಮಾತು ಕೇಳಿ.

2. ಮಗು ದೂರು ಹೇಳಿದಾಗ “ನೀನೇನು ಮಾಡಿದೆ?” ಎಂದು ತೊಡಗಬೇಡಿ. “ಹೇಳಿದ್ದು ಒಳ್ಳೆಯದಾಯಿತು” ಎಂಬುದು ಮೊದಲ ಮಾತಾಗಲಿ.

3. ನಿಮಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಇನ್ನೊಬ್ಬ ಹಿರಿಯರನ್ನು ಮಗುವೇ ಆರಿಸಲಿ. ಅವರಿಗೆ ಹೇಳಿದರೆ ನಿಮಗೆ ಬೇಸರವಿಲ್ಲವೆಂದೂ ತಿಳಿಸಿ.

4. ಊಟ, ನಿದ್ರೆ, ಆಟ, ಗೆಳೆತನ ಇವುಗಳಲ್ಲಿ ಎರಡು ವಾರ ಮೀರಿದ ಬದಲಾವಣೆ ಕಂಡರೆ ವೈದ್ಯರನ್ನು ಕಾಣಿ.

5. ಕೆಳಗಿನ ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ, ಮಗುವಿನ ಕಣ್ಣೆತ್ತರದಲ್ಲಿ ಬರೆದಿಡಿ. “ಇದಕ್ಕೆ ಫೋನ್ ಮಾಡಿದರೆ ನಾವು ಬೈಯುವುದಿಲ್ಲ” ಎಂದೂ ಹೇಳಿ. ಈ ಕೊನೆಯ ಮಾತು ಹೇಳದಿದ್ದರೆ ಬರೆದಿಟ್ಟೂ ಪ್ರಯೋಜನವಿಲ್ಲ.

ಮಕ್ಕಳ ಸಹಾಯವಾಣಿ: 1098
ತುರ್ತು ನೆರವು: 112
ಟೆಲಿ ಮಾನಸ್, ಮಾನಸಿಕ ಆರೋಗ್ಯ: 14416
ತಮಿಳುನಾಡು ಆರೋಗ್ಯ ಸಹಾಯವಾಣಿ: 104
‘ಸ್ನೇಹಾ’, ಚೆನ್ನೈ: 044-24640050

ನಮ್ಮ ಸಂಘದಲ್ಲಿ ರಾಜ್ಯೋತ್ಸವಕ್ಕೆ ಹಾಡುವವರಿದ್ದಾರೆ, ನಾಟಕವಾಡುವವರಿದ್ದಾರೆ, ಚೆನ್ನಾಗಿ ಭಾಷಣ ಮಾಡುವವರಂತೂ ಬಹಳ ಇದ್ದಾರೆ. ವಾರಕ್ಕೆ ಮೂರು ಗಂಟೆ ಬಾಯಿ ಮುಚ್ಚಿ ಕುಳಿತುಕೊಳ್ಳಬಲ್ಲ ನಾಲ್ಕು ಜನ ಮುಂದೆ ಬಂದರೆ, ಸೇರುವ ದಾರಿಯನ್ನು ವಿಚಾರಿಸಿಕೊಡಲು ನಾನು ಸಿದ್ಧಳಿದ್ದೇನೆ. ಪಲ್ಲಾವರದ ನಿಲ್ದಾಣದಿಂದ ಜೊತೆಯಲ್ಲೇ ಹೋಗಬಹುದು.